ಸಿಲಿಂಡರ್ ಪಕ್ಕದಲ್ಲೇ ಇತ್ತಲ್ಲ

ನನ್ನ ಮಗ ಹುಟ್ಟಿದಾಗ ಅಳಲಿಲ್ಲ. ಅವತ್ತು ಹೆರಿಗೆ ಕೋಣೆಯಲ್ಲಿ ಆದದ್ದನ್ನು ಹೇಳಬೇಕಾದರೆ, ಅದಕ್ಕೂ ಒಂದು ವರ್ಷ ಮೊದಲು ತೀರಿಕೊಂಡ ನಮ್ಮ ಮಾವನಿಂದ ಶುರು ಮಾಡಬೇಕು. ಇಲ್ಲದಿದ್ದರೆ ನಮ್ಮ ಅತ್ತೆ ಯಾಕೆ ಹಾಗೆ ನಡೆದುಕೊಂಡರು, ನನ್ನ ಗಂಡ ಯಾಕೆ ಹಾಗೆ ಮಾಡಿದರು ಎನ್ನುವುದು ಯಾರಿಗೂ ಅರ್ಥವಾಗುವುದಿಲ್ಲ.

ನನ್ನ ಗಂಡನ ಮನೆಯವರು ಮಲ್ಲತ್ತಹಳ್ಳಿಯ ಹಳಬರು. ಹೊಲವೆಲ್ಲ ಸೈಟುಗಳಾದ ಮೇಲೆ ಮಾವ ಒಂದು ಸಿಮೆಂಟ್ ಅಂಗಡಿ ಇಟ್ಟರು, ಈಗ ಅದನ್ನು ನನ್ನ ಗಂಡ ನೋಡಿಕೊಳ್ಳುತ್ತಾರೆ. ನಾನು ವಿಜಯನಗರದವಳು, ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಮದುವೆಯಾದ ಮೂರನೇ ತಿಂಗಳಿಗೆ ಕೊರೊನಾದ ಎರಡನೇ ಅಲೆ ಬಂತು. ಮಾವನಿಗೆ ಜ್ವರ ಬಂತು, ಆಮೇಲೆ ಉಸಿರಾಡಲು ಕಷ್ಟವಾಯಿತು. ಎಲ್ಲೂ ಬೆಡ್ ಇಲ್ಲ. ನನ್ನ ಗಂಡ ಅಂಗಡಿಯ ಟೆಂಪೋ ತೆಗೆದುಕೊಂಡು ಆಕ್ಸಿಜನ್ ಸಿಲಿಂಡರ್ ಹುಡುಕುತ್ತಾ ಕೆಂಗೇರಿ, ರಾಜಾಜಿನಗರ, ಪೀಣ್ಯ ಎಲ್ಲಾ ಅಲೆದರು. ಅತ್ತೆ ಮನೆಯಲ್ಲಿ ಮಾವನ ಪಕ್ಕ ಕೂತು, ಅವರ ಬೆರಳಿಗೆ ಹಾಕಿದ್ದ, ಆಕ್ಸಿಜನ್ ಮಟ್ಟ ತೋರಿಸುವ ಪುಟ್ಟ ಮಿಷನ್ ನೋಡುತ್ತಿದ್ದರು. ಅತ್ತೆಗೆ ಓದಲು ಬರುವುದಿಲ್ಲ, ಆದರೆ ವರ್ಷಗಟ್ಟಲೆ ಮನೆಮನೆಗೆ ಹಾಲು ಹಾಕಿದವರು, ಅಂಕಿ ಗೊತ್ತು. ಆ ಅಂಕಿ ಇಳಿಯುವುದನ್ನು ಅವರು ಕೊನೆಯವರೆಗೂ ನೋಡಿದರು. ಯಾವುದೋ ವೆಲ್ಡಿಂಗ್ ಶಾಪಿನವನ ಕೈಕಾಲು ಹಿಡಿದು ನನ್ನ ಗಂಡ ಸಿಲಿಂಡರ್ ತಂದು ಅಂಗಳದಲ್ಲಿ ಇಳಿಸುವಷ್ಟರಲ್ಲಿ ಮಾವ ಇರಲಿಲ್ಲ. ಆ ಸಿಲಿಂಡರ್ ಸುಮಾರು ದಿನ ಹಾಗೇ ಅಂಗಳದಲ್ಲಿ ಬಿದ್ದಿತ್ತು. ವಾಪಸ್ ಕೊಡಲು ಯಾರಿಗೂ ಮನಸ್ಸು ಬರಲಿಲ್ಲ.

ಮುಂದಿನ ವರ್ಷ ನಾನು ಹೆರಿಗೆಗೆ ವಿಜಯನಗರದ ಒಂದು ನರ್ಸಿಂಗ್ ಹೋಮ್ ಸೇರಿದೆ. ತಿಂಗಳು ತುಂಬಿತ್ತು, ಏನೂ ತೊಂದರೆ ಇರಲಿಲ್ಲ. ಜೊತೆಗೆ ಮನೆಯ ಒಬ್ಬ ಹೆಂಗಸು ಇರಬಹುದು ಅಂದರು. ನನ್ನ ತಾಯಿ ರಕ್ತ ಕಂಡರೆ ತಲೆಸುತ್ತಿ ಬೀಳುವವಳು, ಹಾಗಾಗಿ ಅತ್ತೆ ಒಳಗೆ ಬಂದರು. ನೋವು ಬೆಳಿಗ್ಗೆ ಶುರುವಾದದ್ದು ಮಧ್ಯಾಹ್ನ ಕಳೆದರೂ ಮುಗಿಯಲಿಲ್ಲ. ಹೊಟ್ಟೆಗೆ ಕಟ್ಟಿದ್ದ ಬೆಲ್ಟಿನಿಂದ ಮಗುವಿನ ಎದೆಬಡಿತ ಕುದುರೆ ಓಡಿದ ಹಾಗೆ ಕೇಳುತ್ತಿತ್ತು. ಇದ್ದಕ್ಕಿದ್ದಂತೆ ಆ ಸದ್ದು ನಿಧಾನವಾಯಿತು. ನರ್ಸ್ ಓಡಿ ಹೋಗಿ ದೊಡ್ಡ ಡಾಕ್ಟರನ್ನು ಕರೆತಂದರು. ಅವರ ಹಿಂದೆಯೇ ಮಕ್ಕಳ ಡಾಕ್ಟರ್ ಬಂದರು, ಚಿಕ್ಕ ವಯಸ್ಸಿನ ಹುಡುಗಿ, ಕಾಲಿಗೆ ನೀಲಿ ಬಣ್ಣದ ಸ್ಪೋರ್ಟ್ಸ್ ಶೂ. ದೊಡ್ಡ ಡಾಕ್ಟರ್ ಮಗುವಿನ ತಲೆಗೆ ಬಟ್ಟಲಿನಂಥದ್ದನ್ನು ಅಂಟಿಸಿ ಎಳೆದರು.

ಮಗು ಬಂದದ್ದು ನನಗೆ ಗೊತ್ತಾಯಿತು. ಅಳು ಕೇಳಿಸಲಿಲ್ಲ.

ಆಮೇಲಿನದು ನಾನು ಕಂಡದ್ದಲ್ಲ, ಕೇಳಿಸಿಕೊಂಡದ್ದು. ಗೋಡೆ ಪಕ್ಕದ ಬೆಚ್ಚನೆ ದೀಪದ ಟೇಬಲ್ ಮೇಲೆ ಮಗುವನ್ನು ಮಲಗಿಸಿದ್ದರು. ಬಟ್ಟೆಯಲ್ಲಿ ಒರೆಸುವ ಸದ್ದು, ಆಮೇಲೆ ರಬ್ಬರ್ ಚೆಂಡನ್ನು ಒತ್ತಿ ಬಿಟ್ಟ ಹಾಗೆ ಒಂದು ಸದ್ದು, ಒತ್ತಿ, ಬಿಟ್ಟು, ಒತ್ತಿ, ಬಿಟ್ಟು. ಅದರ ಮಧ್ಯೆ ಅತ್ತೆಯ ದನಿ.

"ಅವ್ವಾ, ಸಿಲಿಂಡರ್ ಪಕ್ಕದಲ್ಲೇ ಐತಲ್ಲ. ಪೈಪ್ ಹಾಕವ್ವ."

"ಅಜ್ಜಿ, ಸ್ವಲ್ಪ ಆಚೆ ನಿಂತ್ಕೊಳ್ಳಿ."

"ಆಕ್ಸಿಜನ್ ಹಾಕವ್ವ. ಮಗ ನೀಲಿಗೈತೆ."

"ಗಾಳಿ ಹೋಗ್ತಾ ಇದೆ ಅಜ್ಜಿ. ಎದೆ ಏಳ್ತಾ ಇದೆ, ನೋಡಿ."

"ಬರೀ ಗಾಳಿ ಯಾಕವ್ವ ಒತ್ತೀಯ?"

ನರ್ಸ್ ಅತ್ತೆಯ ತೋಳು ಹಿಡಿದು ಬಾಗಿಲ ಹತ್ತಿರ ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಡಾಕ್ಟರ್ "ಈಗ ಕನೆಕ್ಟ್ ಮಾಡಿ, ನಿಧಾನಕ್ಕೆ ಏರಿಸಿ" ಅಂದದ್ದು, ಸಿಲಿಂಡರ್ ಸುಯ್ ಅಂದದ್ದು ಕೇಳಿಸಿತು. ಇನ್ನೂ ಎಷ್ಟೋ ಹೊತ್ತಾದ ಮೇಲೆ ಬೆಕ್ಕಿನ ಮರಿ ಮುಲುಗಿದ ಹಾಗೆ ಒಂದು ದನಿ ಬಂತು. ಎಲ್ಲರೂ ಉಸಿರು ಬಿಟ್ಟರು. ನನಗೆ ಮಗುವನ್ನು ತೋರಿಸಿದರೋ ಇಲ್ಲವೋ ನೆನಪಿಲ್ಲ. ಆಂಬುಲೆನ್ಸ್ ಬಂದು, ಮಗುವನ್ನು ಎಳೆಮಕ್ಕಳ ಐಸಿಯು ಇರುವ ದೊಡ್ಡ ಆಸ್ಪತ್ರೆಗೆ ತೆಗೆದುಕೊಂಡು ಹೋಗಿತ್ತು.

ಮರುದಿನ ನಾನು ವೀಲ್‌ಚೇರಿನಲ್ಲಿ ಆ ಆಸ್ಪತ್ರೆಗೆ ಹೋಗಿ ಮಗನನ್ನು ಮೊದಲ ಸಲ ಮುಟ್ಟಿದೆ. ತಣ್ಣಗಿದ್ದ. ಬೆಚ್ಚಗಿರಬೇಕಾದ ಹಸುಗೂಸು, ಮಡಕೆಯ ಹೊರಮೈ ಮುಟ್ಟಿದ ಹಾಗೆ ತಣ್ಣಗೆ. ಭಯದಿಂದ ಕೈ ತೆಗೆದುಬಿಟ್ಟೆ. ಅಲ್ಲಿಯ ಡಾಕ್ಟರ್ ಹೇಳಿದರು, ಬೇಕಂತಲೇ ತಣ್ಣಗೆ ಇಟ್ಟಿದ್ದೇವೆ, ಉಸಿರು ಕಟ್ಟಿದ ಮಿದುಳಿಗೆ ಏಟು ಒಂದೇ ಸಲ ಬಿದ್ದು ಮುಗಿಯುವುದಿಲ್ಲ, ಉಸಿರು ವಾಪಸ್ ಬಂದ ಮೇಲೂ ಗಂಟೆಗಟ್ಟಲೆ ಒಳಗೆ ಕೆಡುತ್ತಾ ಹೋಗುತ್ತದೆ, ಮೈ ತಂಪು ಮಾಡಿದರೆ ಅದು ಸ್ವಲ್ಪ ನಿಧಾನವಾಗುತ್ತದೆ, ಮೂರು ದಿನ ಹೀಗೆ ಇಡಬೇಕು. ಅತ್ತೆಗೆ ಇದನ್ನು ಹೇಳಿದೆ. ಬಾಣಂತಿಗೂ ಮಗುವಿಗೂ ಕೆಂಡದ ಶಾಖ ಕೊಡಬೇಕೆಂದು ಇದ್ದಿಲು ತರಿಸಿಟ್ಟಿದ್ದ ಹೆಂಗಸು ಅವರು. ನನ್ನ ಮುಖವನ್ನೇ ನೋಡಿದರು.

"ಅಲ್ಲಿ ಆಕ್ಸಿಜನ್ ಇದ್ರೂ ಹಾಕ್ಲಿಲ್ಲ. ಇಲ್ಲಿ ಮಗೀನ ಐಸಲ್ಲಿ ಇಟ್ಟವ್ರೆ," ಅಂದರು. "ಇವರೆಲ್ಲ ಏನು ಓದವ್ರೋ ಕಾಣೆ."

ಮೂರು ದಿನ ಕಳೆದು ನಿಧಾನವಾಗಿ ಮೈ ಬೆಚ್ಚಗೆ ಮಾಡುವಾಗ ಮಗುವಿಗೆ ಫಿಟ್ಸ್ ಬಂತು. ಎಂಆರ್‌ಐ ತೆಗೆದರು. ಮಿದುಳಿನ ಒಳಭಾಗದಲ್ಲಿ, ಕೈಕಾಲು ಆಡಿಸುವುದನ್ನು ನೋಡಿಕೊಳ್ಳುವ ಜಾಗದಲ್ಲಿ, ಬಿಳಿ ಗುರುತುಗಳಿವೆ ಅಂದರು. ಮುಂದೆ ಏನಾಗುತ್ತದೆ ಅಂತ ಕೇಳಿದೆ. "ಬೆಳೀತಾ ಬೆಳೀತಾ ಗೊತ್ತಾಗುತ್ತೆ ಅಮ್ಮ," ಅಂದರು. ಆ ಉತ್ತರವನ್ನು ಆಮೇಲೆ ಎಷ್ಟು ಜನರ ಬಾಯಲ್ಲಿ ಕೇಳಿದೆನೋ.

ಮನೆಗೆ ಬಂದ ಮೇಲೆ ನೋಡಲು ಬಂದವರಿಗೆಲ್ಲ ಅತ್ತೆ ಅದೇ ಮಾತು ಹೇಳುತ್ತಿದ್ದರು. ಸಿಲಿಂಡರ್ ಪಕ್ಕದಲ್ಲೇ ಇತ್ತಲ್ಲ, ಆ ಹುಡುಗಿ ಹಾಕಲಿಲ್ಲ, ನಾನು ಬೇಡಿಕೊಂಡೆ. ಅವರು ಸುಳ್ಳು ಹೇಳುತ್ತಿರಲಿಲ್ಲ. ನನ್ನ ಕಿವಿಗೂ ಬಿದ್ದ ಮಾತೇ ಅದು. ನನ್ನ ಗಂಡ ಎದುರಿಗೆ ಕೂತು ಕೇಳಿಸಿಕೊಳ್ಳುತ್ತಿದ್ದರು. ಐದನೇ ತಿಂಗಳಿಗೂ ಮಗುವಿನ ಕತ್ತು ನಿಲ್ಲಲಿಲ್ಲ. ಬಲಗೈ ಸದಾ ಮುಷ್ಟಿ ಕಟ್ಟಿಕೊಂಡೇ ಇರುತ್ತಿತ್ತು. ಇದು ಸೆರೆಬ್ರಲ್ ಪಾಲ್ಸಿ, ಮಿದುಳಿಗೆ ಆದ ಏಟಿನಿಂದ ಕೈಕಾಲು ಹೇಳಿದ ಮಾತು ಕೇಳದಿರುವುದು ಅಂತ ನರರೋಗದ ಡಾಕ್ಟರ್ ಬಿಡಿಸಿ ಹೇಳಿದ ದಿನ, ನನ್ನ ಗಂಡ ನನ್ನನ್ನೂ ಮಗುವನ್ನೂ ಮನೆಗೆ ಬಿಟ್ಟು ಹೊರಟರು. ಅಂಗಡಿಗೆ ಅಂದುಕೊಂಡೆ.

ಅವರು ಹೋದದ್ದು ನರ್ಸಿಂಗ್ ಹೋಮಿಗೆ. ಜೊತೆಗೆ ಚಿಕ್ಕಪ್ಪನ ಮಕ್ಕಳು, ಅವರ ಸ್ನೇಹಿತರು, ಒಂದಷ್ಟು ಜನ. ಯಾರೋ ಮೊಬೈಲಿನಲ್ಲಿ ವಿಡಿಯೋ ಮಾಡಿದ್ದರು, ಸಂಜೆಯ ಹೊತ್ತಿಗೆ ಅದು ನನ್ನ ಸ್ಕೂಲಿನ ಟೀಚರುಗಳ ಗ್ರೂಪಿಗೂ ಬಂದಿತ್ತು. ರಿಸೆಪ್ಷನ್ ತುಂಬ ಜನ. ಆ ಚಿಕ್ಕ ವಯಸ್ಸಿನ ಡಾಕ್ಟರ್ ಗೋಡೆಗೆ ಒತ್ತಿಕೊಂಡು ನಿಂತಿದ್ದಾರೆ. ನನ್ನ ಗಂಡನ ದನಿ, ನಾನು ಅದುವರೆಗೆ ಕೇಳಿರದ ದನಿ: "ಇತ್ತಲ್ಲ, ಇತ್ತಲ್ಲ ಪಕ್ಕದಲ್ಲೇ, ಯಾಕೆ ಕೊಡ್ಲಿಲ್ಲ?" ಅವರು ಏನೋ ಹೇಳಲು ಬಾಯಿ ತೆಗೆಯುತ್ತಾರೆ. "ಬೇಕಾದಾಗ ಕೊಟ್ಟಿದೀನಿ ಸಾರ್. ಮೊದಲೇ ಜಾಸ್ತಿ ಕೊಟ್ಟಿದ್ರೆ—" ಅಷ್ಟರಲ್ಲಿ ಯಾರೋ ಅವರ ಭುಜ ತಳ್ಳುತ್ತಾರೆ, ಕುರ್ಚಿ ಬೀಳುತ್ತದೆ, ವಿಡಿಯೋ ಮುಗಿಯುತ್ತದೆ.

ತಳ್ಳಿದ್ದು ನನ್ನ ಗಂಡ ಅಲ್ಲ. ಆದರೆ ತಳ್ಳಿದವನನ್ನು ಕರೆದುಕೊಂಡು ಹೋದದ್ದು ಅವರೇ. ಆ ಡಾಕ್ಟರ್ ಅಲ್ಲಿ ಕೆಲಸ ಬಿಟ್ಟರೆಂದು ಸ್ವಲ್ಪ ದಿನಕ್ಕೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಅದು ಗೆದ್ದ ಹಾಗೆ ಯಾರಿಗೂ ಅನ್ನಿಸಲಿಲ್ಲ. ಮಗನ ಕತ್ತು ಹಾಗೇ ವಾಲುತ್ತಿತ್ತು.

ಆ ಅರ್ಧಕ್ಕೆ ನಿಂತ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಜಾಸ್ತಿ ಕೊಟ್ಟಿದ್ದರೆ ಏನಾಗುತ್ತಿತ್ತು? ಪ್ರಾಣವಾಯು ಅಂತ ನಾವೇ ಹೆಸರಿಟ್ಟಿದ್ದೇವೆ. ಪ್ರಾಣ ಜಾಸ್ತಿಯಾದರೆ ಏನು ನಷ್ಟ? ಮಗುವಿಗೆ ಒಂದು ವರ್ಷ ತುಂಬಿದ ಮೇಲೆ ನಾನು ಮತ್ತೆ ಸ್ಕೂಲಿಗೆ ಹೋಗತೊಡಗಿದೆ. ಆರ್‌ಪಿಸಿ ಲೇಔಟಿನಲ್ಲಿ ಮಗನಿಗೆ ಫಿಸಿಯೋಥೆರಪಿ ಮಾಡುವ ಹೆಂಗಸಿನಿಂದ, ಆ ಡಾಕ್ಟರ್ ಕೆಂಗೇರಿ ಕಡೆ ಒಂದು ಕ್ಲಿನಿಕ್ಕಿನಲ್ಲಿ ಕೂರುತ್ತಾರೆಂದು ತಿಳಿಯಿತು. ಒಂದು ಶನಿವಾರ ಮಧ್ಯಾಹ್ನ, ಮನೆಯಲ್ಲಿ ಹೇಳದೆ, ಒಬ್ಬಳೇ ಹೋದೆ.

ನನ್ನನ್ನು ಕಂಡ ತಕ್ಷಣ ಗುರುತು ಹಿಡಿದರು. ಬಾಗಿಲ ಕಡೆ ನೋಡಿದರು, ನನ್ನ ಹಿಂದೆ ಯಾರಾದರೂ ಇದ್ದಾರಾ ಅಂತ.

"ನಾನೊಬ್ಬಳೇ ಬಂದಿದೀನಿ ಮೇಡಂ. ಜಗಳಕ್ಕಲ್ಲ," ಅಂದೆ. "ಅವತ್ತು ನೀವು ಒಂದು ಮಾತು ಪೂರ್ತಿ ಹೇಳಲಿಲ್ಲ. ಅದು ಕೇಳೋಣ ಅಂತ."

ಅವರು ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. ಆಮೇಲೆ ನಿಧಾನವಾಗಿ, ಮಕ್ಕಳಿಗೆ ಪಾಠ ಹೇಳುವಂತೆ ಹೇಳಿದರು.

"ಹೊಟ್ಟೆ ಒಳಗೆ ಮಗು ಬದುಕಿರೋದೇ ಕಮ್ಮಿ ಆಕ್ಸಿಜನ್‌ನಲ್ಲಿ. ಚೆನ್ನಾಗಿ ಅಳ್ತಾ ಹುಟ್ಟೋ ಮಗುಗೂ ಮೊದಲ ನಿಮಿಷದಲ್ಲಿ ನಮ್ಮಷ್ಟು ಮಟ್ಟ ಇರಲ್ಲ, ನಿಮಿಷ ನಿಮಿಷಕ್ಕೂ ಸ್ವಲ್ಪ ಸ್ವಲ್ಪ ಏರುತ್ತೆ. ನಿಮ್ಮ ಮಗ ಉಸಿರು ಕಟ್ಟಿ ಹುಟ್ಟಿದ. ಅವನಿಗೆ ಮೊದಲು ಬೇಕಾಗಿದ್ದು ಶ್ವಾಸಕೋಶ ತೆರೆಯೋದು. ಅದಕ್ಕೆ ಗಾಳಿ ಒತ್ತಬೇಕು, ನಾವು ನೀವು ಉಸಿರಾಡೋ ಇದೇ ಗಾಳಿ. ಉಸಿರು ಕಟ್ಟಿದ್ದ ಮಿದುಳಿಗೆ ಒಂದೇ ಸಲ ಪೂರ್ತಿ ಆಕ್ಸಿಜನ್ ನುಗ್ಗಿಸಿದ್ರೆ, ಅದೇ ಒಳಗಿನ ಜೀವಕೋಶಗಳನ್ನ ಸುಡುತ್ತೆ. ಹಿಂದೆ ಎಲ್ಲಾ ಮಕ್ಕಳಿಗೂ ಪೂರ್ತಿ ಆಕ್ಸಿಜನ್ನೇ ಕೊಡ್ತಾ ಇದ್ರು. ಆಮೇಲೆ ಹೋಲಿಸಿ ನೋಡಿದಾಗ, ತಿಂಗಳು ತುಂಬಿ ಹುಟ್ಟಿದೋರಲ್ಲಿ ಬರೀ ಗಾಳಿ ಕೊಟ್ಟ ಮಕ್ಕಳೇ ಹೆಚ್ಚು ಉಳಿದಿದ್ರು. ಅದಕ್ಕೇ ಈಗ ಗಾಳಿಯಿಂದ ಶುರು ಮಾಡ್ತೀವಿ. ಮಗುವಿನ ಕೈಗೆ ಹಾಕಿದ ಮಾನಿಟರ್ ನೋಡಿ, ಏರಬೇಕಾದಷ್ಟು ಏರದೇ ಇದ್ರೆ ಆಗ ಆಕ್ಸಿಜನ್ ಸೇರಿಸ್ತೀವಿ."

"ಹಾಗಾದ್ರೆ ಇವನಿಗೆ ಯಾಕೆ ಹೀಗಾಯ್ತು?"

"ಹುಟ್ಟೋಕೆ ಮುಂಚೆನೇ ಎದೆಬಡಿತ ಬಿದ್ದಿತ್ತಲ್ಲ, ಹೆಚ್ಚಿನ ಏಟು ಆಗಲೇ ಬಿದ್ದಿರಬೇಕು. ಅಂತ ನನ್ನ ಅಂದಾಜು."

ಅಂದಾಜು ಅನ್ನುವ ಮಾತು ಅವರು ಹೇಳಬೇಕಾಗಿರಲಿಲ್ಲ. ಹೇಳಿದರು. ನಾನು ಇನ್ನೊಂದು ಕೇಳಿದೆ. "ಪೈಪ್ ಸ್ವಲ್ಪ ಮುಂಚೆ ಹಾಕಿದ್ರೆ?"

ಅವರು ನನ್ನ ಕಣ್ಣು ತಪ್ಪಿಸಲಿಲ್ಲ. "ನಾನೂ ಅದನ್ನ ತುಂಬಾ ಸಲ ಯೋಚನೆ ಮಾಡಿದೀನಿ. ನಿಯಮದ ಪ್ರಕಾರ ಸರಿಯಾಗೇ ಮಾಡಿದೀನಿ. ಆದ್ರೂ ಸ್ವಲ್ಪ ಮುಂಚೆ ಹಾಕಿದ್ರೆ ಒಳ್ಳೇದಾಗ್ತಿತ್ತಾ, ಇನ್ನೂ ಕೆಟ್ಟದಾಗ್ತಿತ್ತಾ, ಅದನ್ನ ಒಂದು ಮಗು ನೋಡಿ ಯಾರೂ ಹೇಳೋಕಾಗಲ್ಲ. ನನಗೂ ಗೊತ್ತಿಲ್ಲ."

ನಾನು ಬಂದದ್ದು ಒಂದು ಉತ್ತರಕ್ಕೆ. ಉತ್ತರ ಸಿಕ್ಕಿತು, ಆದರೆ ಅದರ ತುದಿಯಲ್ಲಿ ಈ "ಗೊತ್ತಿಲ್ಲ" ಇತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಅದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ. ಅವರನ್ನು ತಳ್ಳಿದ್ದಕ್ಕೆ ಕ್ಷಮೆ ಕೇಳಿದೆನಾ? ಕೇಳಿದೆ. ಅವರು ಸುಮ್ಮನೆ ತಲೆ ಆಡಿಸಿದರು, ಅಷ್ಟೇ.

ಮನೆಗೆ ಬಂದು ನನ್ನ ಗಂಡನಿಗೆ ಎಲ್ಲಾ ಹೇಳಿದೆ. ಅವರು ಮಗನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದರು, ಹಚ್ಚುತ್ತಲೇ ಕೇಳಿಸಿಕೊಂಡರು.

"ನೀನು ಅವರ ಹತ್ರ ಹೋಗಿದ್ಯಾ?"

"ಹೂಂ."

"ಜಾಸ್ತಿ ಕೊಟ್ಟು ಕೆಟ್ಟಿದ್ರೆ ನಾನು ತಡ್ಕೋತಿದ್ದೆ ಕಣೇ," ಅಂದರು ಕೊನೆಗೆ. "ಅಪ್ಪಂಗೂ ಅಷ್ಟೇ. ಕೊಟ್ಟು ಹೋಗಿದ್ರೆ ತಡ್ಕೋತಿದ್ದೆ. ಇದ್ದೂ ಕೊಡ್ಲಿಲ್ಲ ಅನ್ನೋದು ಮಾತ್ರ ಆಗಲ್ಲ ನನ್ನ ಕೈಲಿ."

ಡಾಕ್ಟರ್ ಹೇಳಿದ್ದನ್ನು ಅತ್ತೆಗೂ ಹೇಳಿದೆ. "ಆ ಹುಡುಗಿ ಇನ್ನೇನು ಹೇಳ್ತಾಳೆ," ಅಂದು ಎದ್ದು ಹೋದರು. ಆದರೆ ಅದಾದ ಮೇಲೆ ಬಂದವರ ಹತ್ತಿರ ಸಿಲಿಂಡರ್ ಮಾತು ತೆಗೆಯುವುದು ಕಡಿಮೆಯಾಯಿತು. ಮಗನನ್ನು ವಾರಕ್ಕೆ ಮೂರು ಸಲ ಆಟೋದಲ್ಲಿ ಥೆರಪಿಗೆ ಕರೆದುಕೊಂಡು ಹೋಗುವುದು ಅವರೇ. ಅಲ್ಲಿ ಕಲಿಸಿದ್ದನ್ನೆಲ್ಲ ಮನೆಯಲ್ಲಿ ಮಾಡಿಸುತ್ತಿದ್ದರು, ಅವನು ಅತ್ತರೂ ಬಿಡುತ್ತಿರಲಿಲ್ಲ. ಎರಡೂವರೆ ವರ್ಷಕ್ಕೆ ಅವನು ಗೋಡೆ ಹಿಡಿದು ನಿಂತ. ಮೂರು ದಾಟಿದ ಮೇಲೆ, ಬಲಗಾಲಿಗೆ ಪಟ್ಟಿ ಹಾಕಿದ ಶೂ ತೊಟ್ಟು ನಡೆದ. ಮಾತು ಈಗಲೂ ಕಷ್ಟ. ಅವನಿಗೆ ಎಲ್ಲಾ ಅರ್ಥವಾಗುತ್ತದೆ, ನಾಲಿಗೆ ಮಾತ್ರ ತಡವಾಗಿ ಬರುತ್ತದೆ.

ಹೋದ ವರ್ಷ ಮಗಳು ಹುಟ್ಟಿದಳು. ಈ ಸಲ ದೊಡ್ಡ ಆಸ್ಪತ್ರೆ, ಮೊದಲೇ ಗೊತ್ತು ಮಾಡಿದ ಸಿಸೇರಿಯನ್. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ಎಚ್ಚರವಾಗಿದ್ದೆ. ಹಿಂದಿನ ಕತೆಯೆಲ್ಲ ಹೇಳಿದ್ದೆ, ಮಕ್ಕಳ ಡಾಕ್ಟರ್ ಮೊದಲೇ ಬಂದು ನಿಂತಿದ್ದರು. ನಾನು ಎಲ್ಲಾ ತಿಳಿದವಳು. ಯಾವ ತಾಯಿಗೆ ಬೇಕಾದರೂ ಬಿಡಿಸಿ ಹೇಳಬಲ್ಲೆ ಅಂದುಕೊಂಡಿದ್ದೆ.

ಮಗುವನ್ನು ಎತ್ತಿದರು. ಅಳಲಿಲ್ಲ. ಪಕ್ಕದ ಟೇಬಲ್ಲಿಗೆ ತೆಗೆದುಕೊಂಡು ಹೋದರು. ಮತ್ತೆ ಅದೇ ರಬ್ಬರ್ ಚೆಂಡಿನ ಸದ್ದು. ಈ ಸಲ ಕತ್ತು ತಿರುಗಿಸಿದರೆ ಕಾಣುತ್ತಿತ್ತು. ಒತ್ತುತ್ತಿದ್ದ ರಬ್ಬರ್ ಬ್ಯಾಗಿನ ತುದಿಗೆ ಪೈಪ್ ಇಲ್ಲ. ಪೈಪ್ ಸುರುಳಿ ಸುತ್ತಿ ಗೋಡೆಗೆ ನೇತಾಡುತ್ತಿದೆ.

"ಆಕ್ಸಿಜನ್ ಹಾಕಿ," ಅಂದೆ. ನನ್ನ ದನಿ ನನಗೇ ಕೇಳಿಸಿತು. "ಡಾಕ್ಟ್ರೇ, ಪೈಪ್ ಹಾಕಿ. ಅಲ್ಲೇ ಇದೆ. ಹಾಕಿ ಡಾಕ್ಟ್ರೇ."

ಅರಿವಳಿಕೆ ಡಾಕ್ಟರ್ ನನ್ನ ಹಣೆ ಮೇಲೆ ಕೈಯಿಟ್ಟು "ಮೇಡಂ, ಸ್ವಲ್ಪ ಇರಿ," ಅಂದರು. ನಾನು ಸುಮ್ಮನಿರಲಿಲ್ಲ. ಮತ್ತೆ ಮತ್ತೆ ಅದನ್ನೇ ಹೇಳಿದೆ. ಕಲಿತದ್ದು ಒಂದೂ ಆಗ ನನ್ನ ನೆರವಿಗೆ ಬರಲಿಲ್ಲ. ಯಾರೂ ಪೈಪ್ ಹಾಕಲಿಲ್ಲ, ಒತ್ತುವುದೂ ನಿಲ್ಲಲಿಲ್ಲ. ಆಮೇಲೆ ಮಗು ಒಂದು ಸಲ ಕೆಮ್ಮಿದಂತೆ ಮಾಡಿ ಅತ್ತಳು. ಆ ಕೋಣೆ ತುಂಬುವಷ್ಟು ಅತ್ತಳು. ಸಿಸೇರಿಯನ್ ಮಕ್ಕಳಲ್ಲಿ ಕೆಲವರು ಉಸಿರು ಶುರು ಮಾಡಲು ತಡ ಮಾಡುತ್ತಾರೆ, ಅಷ್ಟೇ, ಏನೂ ಆಗಿಲ್ಲ ಅಂದರು. ನನ್ನ ಹಲ್ಲು ಕಟಕಟ ಕಡಿಯುತ್ತಿತ್ತು, ಎಷ್ಟು ಹೊದಿಸಿದರೂ ನಿಲ್ಲಲಿಲ್ಲ.

ವಾರ್ಡಿಗೆ ಬಂದ ಮೇಲೆ ಅತ್ತೆಗೆ ಇದನ್ನು ಹೇಳಿದೆ. ಅವರು ಮಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು.

"ನೀನೂ ಕೇಳ್ದಾ?" ಅಂದರು.

"ಕೇಳ್ದೆ ಅತ್ತೆ. ಗೊತ್ತಿದ್ದೂ ಕೇಳ್ದೆ."

ಬಗ್ಗಿ ಮಗುವಿನ ಮುಖ ನೋಡಿದರು. "ಹಾಕ್ದೇನೇ ಅತ್ತಳಾ?"

"ಹಾಕದೇನೇ."

ಅತ್ತೆ ಸೆರಗಿನ ತುದಿಯಿಂದ ಮಗುವಿನ ಬಾಯಿ ಒರೆಸಿದರು, ಒರೆಸುವಂಥದ್ದೇನೂ ಅಲ್ಲಿರಲಿಲ್ಲ.

ಮಗಳು ಈಗ ತೆವಳುತ್ತಾಳೆ, ಎರಡೂ ಕೈಯಲ್ಲಿ ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾಳೆ. ಅವಳು ಒಂದೊಂದು ಕಲಿತಾಗಲೂ ನನಗೆ ಸಂತೋಷದ ಹಿಂದೆಯೇ ಒಂದು ಸಂಕಟ. ಇವನು ಇದನ್ನು ಎಷ್ಟು ತಿಂಗಳಿಗೆ ಮಾಡಿದ, ಮಾಡಿದನಾ ಅಂತ ಲೆಕ್ಕ ಹಾಕಲು ಶುರುವಾಗುತ್ತದೆ. ಅಣ್ಣ ಅವಳ ಆಟಿಕೆಗೆ ಬಲಗೈ ಚಾಚಿ, ಬೆರಳು ಬಿಡಿಸಲು ಹೆಣಗುವಷ್ಟರಲ್ಲಿ ಅವಳು ಅದನ್ನು ಎತ್ತಿಕೊಂಡು ಹೋಗಿರುತ್ತಾಳೆ. ಅವನು ನಗುತ್ತಾನೆ. ನಾನು ಅಡುಗೆಮನೆಗೆ ಹೋಗುತ್ತೇನೆ.

ಎರಡು ವಾರದ ಹಿಂದೆ, ಭಾನುವಾರ ಬೆಳಿಗ್ಗೆ, ಮಗನನ್ನು ನಡೆಸಲು ಮಲ್ಲತ್ತಹಳ್ಳಿ ಕೆರೆ ಏರಿಗೆ ಹೋಗಿದ್ದೆವು. ಅತ್ತೆ ಅವನ ಕೈ ಹಿಡಿದಿದ್ದರು, ನನ್ನ ಗಂಡ ಮಗಳನ್ನು ಎತ್ತಿಕೊಂಡಿದ್ದರು. ಎದುರಿನಿಂದ, ಮಗ ಹುಟ್ಟಿದಾಗ ಇದ್ದ ಆ ಡಾಕ್ಟರ್ ಬಂದರು, ಜೊತೆಗೆ ಒಬ್ಬ ವಯಸ್ಸಾದವರು, ಅವರ ತಂದೆ ಇರಬೇಕು. ನನ್ನ ಗಂಡ ನಿಂತುಬಿಟ್ಟರು. ಡಾಕ್ಟರ್ ಕೂಡ ನಿಂತರು. ಆದರೆ ಅವರು ನೋಡುತ್ತಿದ್ದದ್ದು ನಮ್ಮನ್ನಲ್ಲ, ಮಗನ ಕಾಲನ್ನು. ಅವನು ಹೆಜ್ಜೆ ಇಡುವುದನ್ನೇ ನೋಡುತ್ತಿದ್ದರು.

ಹತ್ತಿರ ಬಂದು ಬಗ್ಗಿ ಅವನನ್ನು ಕೇಳಿದರು. "ನಿನ್ನ ಹೆಸರೇನು ಪುಟ್ಟ?"

ಅವನ ಹೆಸರಿನಲ್ಲಿ ಒಂದು ಒತ್ತಕ್ಷರ ಇದೆ, ಅಲ್ಲಿ ಯಾವಾಗಲೂ ಸಿಕ್ಕಿಕೊಳ್ಳುತ್ತಾನೆ. ಸಿಕ್ಕಿಕೊಂಡ. ಸಾಮಾನ್ಯವಾಗಿ ನಾವು ಯಾರಾದರೂ ಹೇಳಿಬಿಡುತ್ತೇವೆ. ಅವತ್ತು ಯಾರೂ ಹೇಳಲಿಲ್ಲ. ಡಾಕ್ಟರ್ ಬಗ್ಗಿಕೊಂಡೇ ಕಾದರು. ಕತ್ತಿನ ನರ ಉಬ್ಬುವಷ್ಟು ಕಷ್ಟಪಟ್ಟು ಅವನು ಪೂರ್ತಿ ಹೇಳಿದ.

"ಬಲಗೈಲಿ ಏನಾದ್ರೂ ಹಿಡೀತಾನಾ?" ಅಂತ ಅತ್ತೆಯನ್ನು ಕೇಳಿದರು.

"ಚಪಾತಿ ಹಿಡೀತಾನೆ," ಅಂದರು ಅತ್ತೆ. ಸ್ವಲ್ಪ ತಡೆದು, "ಅವ್ವ," ಅಂತ ಸೇರಿಸಿದರು.

ನನ್ನ ಗಂಡ ಮಗಳನ್ನು ಒಂದು ತೋಳಿಂದ ಇನ್ನೊಂದಕ್ಕೆ ಬದಲಿಸಿಕೊಂಡರು. "ಮೇಡಂ, ಅವತ್ತು..." ಅಂದರು. ಮಾತು ಅಲ್ಲೇ ನಿಂತಿತು. ಡಾಕ್ಟರ್ ಅದಕ್ಕೂ ಕಾದರು. ಅವರ ತಂದೆ ಬಿಸಿಲು ಏರುತ್ತಿದೆ ಅನ್ನುವ ಹಾಗೆ ಕೋಲಿನಿಂದ ನೆಲ ತಟ್ಟಿದರು. ಡಾಕ್ಟರ್ ನಮಗೆಲ್ಲ ಸೇರಿಸಿ ಒಂದು ಸಲ ತಲೆ ಬಾಗಿಸಿ ಮುಂದೆ ಹೋದರು.

ನಾವು ಗೇಟು ದಾಟಿದೆವು. ಅಂಗಡಿಯ ಟೆಂಪೋ ಹತ್ತಿರ ಬಂದ ಮೇಲೆ ನನ್ನ ಗಂಡ ಕೇಳಿದರು, "ಅವರು ದಿನಾ ಇಲ್ಲಿಗೇ ವಾಕಿಂಗ್ ಬರ್ತಾರಾ?"

ಗೊತ್ತಿಲ್ಲ ಅಂದೆ. ಅವರು ಕೀಲಿ ಕೈಯಲ್ಲಿ ಹಿಡಿದು, ಏರಿಯ ಕಡೆ ತಿರುಗಿ ಸುಮಾರು ಹೊತ್ತು ನಿಂತಿದ್ದರು.